ದಿಲ್‌ಪಸಂದ್ ಹೋಟೆಲಿನ ಏಟು

ಮೊದಲನೆಯ ಏಟು ಹೇಳದೆ ಕೇಳದೆ ಬಿತ್ತು.

ಆವತ್ತು ತಾಲೀಮಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ನೋಡಿಕೊಳ್ಳುವುದಷ್ಟೇ ಇತ್ತು. ಗದಿಗೆಪ್ಪ ಎತ್ತರದ ಹೀಲ್ಸ್ ಹಾಕಿಕೊಂಡು ನಿಂತಿದ್ದ. ಸೊಂಟಕ್ಕೆ ಉಸಿರು ಕಟ್ಟುವ ಹಾಗೆ ಪಟ್ಟಿ ಬಿಗಿದಿತ್ತು. ಎದೆಗೆ ಸ್ಪಂಜು. ತಲೆಗೆ ಕೆಂಚು ಕೂದಲಿನ ವಿಗ್. ಎದುರಿಗೆ ಹೀರೋ ಅಂಗದ್. ಟಿ.ವಿ. ಧಾರಾವಾಹಿಯಲ್ಲಿ ಹೆಸರು ಮಾಡಿದವನು, ದಿನಾ ಜಿಮ್ಮಿಗೆ ಹೋಗಿ ತೋಳು ಬೆಳೆಸಿದವನು. ಅವನು ಕೈ ಎತ್ತಿದ, ಬೀಸಿದ. ಗದಿಗೆಪ್ಪನ ಎಡಗೆನ್ನೆ, ಎಡಗಿವಿ ಎರಡೂ ಆ ಅಂಗೈಯೊಳಗೆ ಸಿಕ್ಕವು. ವಿಗ್ ಹಾರಿ ತಬಲಾದವನ ಕಾಲ ಹತ್ತಿರ ಬಿತ್ತು.

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ತಬಲಾದವನು ನಕ್ಕ. ಚಹಾ ತಂದವನು ಕಿಟ್ಲಿ ಹಿಡಿದುಕೊಂಡೇ ನಕ್ಕ. ಗದಿಗೆಪ್ಪನೂ ನಕ್ಕ. ಬೇರೆ ಏನು ಮಾಡಬೇಕೋ ಅವನಿಗೆ ಆ ಕ್ಷಣ ಹೊಳೆಯಲಿಲ್ಲ.

ಡೈರೆಕ್ಟರ್ ರಾಧಿಕಾ ಕುರ್ಚಿಯಿಂದ ಎದ್ದು ಬಂದಳು. ಆ ಸೌಂಡ್ ಕೇಳಿದಿರಾ, ನನಗೆ ಬೇಕಾದದ್ದು ಇದೇ, ಅಂತ ಎಲ್ಲರಿಗೂ ಹಿಂದಿಯಲ್ಲಿ ಹೇಳಿದಳು. ಆಮೇಲೆ ಗದಿಗೆಪ್ಪನ ಭುಜ ಮುಟ್ಟಿ ಕನ್ನಡದಲ್ಲಿ, ಬಹಳ ಚೆನ್ನಾಗಿ ತಗೊಂಡೆ, ನ್ಯಾಚುರಲ್ ಆಗಿತ್ತು, ಅಂದಳು. ಅವಳು ಚೆಂಬೂರಿನವಳು. ಅವಳ ಅಜ್ಜ ಧಾರವಾಡದಿಂದ ಬಂದು ಅಲ್ಲಿ ನೆಲೆಸಿದವರು. ಮನೆಯಲ್ಲಿ ಕಲಿತ ತೊದಲುಗನ್ನಡ ಅವಳಿಗೆ ಇಷ್ಟಿಷ್ಟು ಬರುತ್ತಿತ್ತು. ಗದಿಗೆಪ್ಪನಿಂದ ಏನಾದರೂ ಬೇಕಾದಾಗ ಮಾತ್ರ ಅದು ಹೊರಗೆ ಬರುತ್ತಿತ್ತು.

ನಾಟಕದ ಹೆಸರು ‘ದಿಲ್‌ಪಸಂದ್ ಹೋಟೆಲ್’. ಹಿಂದಿಯ ಹಾಡು ಕುಣಿತದ ನಾಟಕ. ಹಿಂದೊಂದು ಕಾಲದಲ್ಲಿ ಮುಂಬೈಯಲ್ಲಿ ವರ್ಷಗಟ್ಟಲೆ ಓಡಿತ್ತಂತೆ. ಈಗ ಹೊಸ ಬಟ್ಟೆ, ಹೊಸ ಲೈಟು, ದೊಡ್ಡ ಥಿಯೇಟರು ಕೊಟ್ಟು ಅದನ್ನು ಮತ್ತೆ ಎಬ್ಬಿಸುತ್ತಿದ್ದರು. ಕಥೆ ಇಷ್ಟೇ. ಒಂದು ಹೋಟೆಲು. ಅಲ್ಲಿ ಹೆಣ್ಣುವೇಷ ಹಾಕಿ ಕುಣಿಯುವ ಗಂಡಸರ ಒಂದು ತಂಡ. ಕಳ್ಳರನ್ನು ಹಿಡಿಯಲು ಬಂದ ಇನ್ಸ್‌ಪೆಕ್ಟರ್ ಹೀರೋ ಆ ತಂಡದಲ್ಲಿ ಒಬ್ಬಳ ಬೆನ್ನು ಹತ್ತುತ್ತಾನೆ. ಹೂ ಕೊಡುತ್ತಾನೆ, ಹಾಡುತ್ತಾನೆ. ಅವಳು ಹೆಣ್ಣಲ್ಲ ಅಂತ ಗೊತ್ತಾದ ಕೂಡಲೇ ಕಪಾಳಕ್ಕೆ ಬಾರಿಸುತ್ತಾನೆ. ವಿಗ್ ಹಾರುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ. ಹಳೇ ನಾಟಕ ನೋಡಿದವರು ಹಾಡು ಮರೆತರೂ ಆ ಏಟು ಮರೆತಿಲ್ಲ, ಅದಕ್ಕೋಸ್ಕರ ಟಿಕೆಟ್ ತಗೋತಾರೆ, ಅಂತ ರಾಧಿಕಾ ಹೇಳುತ್ತಿದ್ದಳು.

ಪೋಸ್ಟರಿನ ಮಾತು ಬೇರೆ. ಅದಕ್ಕೆ ಕಾಮನಬಿಲ್ಲಿನ ಬಣ್ಣ ಬಳಿದು, ಕೆಳಗೆ ‘ಇದು ಅವರ ಹಬ್ಬ’ ಅಂತ ಬರೆಸಿದ್ದರು. ಅವರು ಅಂದರೆ ಗದಿಗೆಪ್ಪ ಮತ್ತು ಅವನಂಥವರು. ಹಬ್ಬ ಅವರದು, ಏಟೂ ಅವರದು.

ಗದಿಗೆಪ್ಪ ಹುಟ್ಟಿದ್ದು ಭಾಂಡುಪ್‌ನಲ್ಲಿ, ಗುಡ್ಡದ ಮೇಲಿನ ಒಂದೇ ಕೋಣೆಯ ಖೋಲಿಯಲ್ಲಿ. ಅವನ ಅವ್ವ ಹಾಲವ್ವ, ಅಪ್ಪ ಇಬ್ಬರೂ ಇಂಡಿ ತಾಲೂಕಿನ ಒಂದು ಊರ ಹೊರಗಿನ ಕೇರಿಯಿಂದ ಬಂದವರು. ಅಲ್ಲಿ ಹೋಟೆಲಿನ ಹೊರಗೆ ನಿಂತು ಚಹಾ ಕುಡಿದವರು. ಇಲ್ಲಿ ಬಂದು ಬಿಲ್ಡಿಂಗ್ ಕಟ್ಟಿದರು. ಹಾಲವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಮಹಡಿ ಮಹಡಿ ಹತ್ತಿ ಕಾಂಕ್ರೀಟು ಸುರಿದಳು. ಬಿಲ್ಡಿಂಗ್ ಮುಗಿದ ಮೇಲೆ ಅದರ ಗೇಟಿನವನೇ ಅವಳನ್ನು ಒಳಗೆ ಬಿಡಲಿಲ್ಲ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಈಗ ಹಾಲವ್ವನ ಕುತ್ತಿಗೆ ತಿರುಗುವುದಿಲ್ಲ. ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಿ ನೋಡುತ್ತಾಳೆ.

ಗದಿಗೆಪ್ಪ ಹತ್ತನೆಯ ಇಯತ್ತೆ ಮುಗಿಸಿ ಕೊರಿಯರ್ ಗೋದಾಮಿಗೆ ಸೇರಿದ. ಹಗಲೆಲ್ಲ ಟೆಂಪೋದಿಂದ ಡಬ್ಬ ಇಳಿಸುವ ಕೆಲಸ. ಸಂಜೆ ಗಣಪತಿ ಮಂಡಲದವರ ಕಾರ್ಯಕ್ರಮದಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಲಾವಣಿ ಕುಣಿಯುತ್ತಿದ್ದ. ಮೊದಲ ಸಲ ಸೀರೆ ಉಟ್ಟು ಗೆಜ್ಜೆ ಕಟ್ಟಿ ನಿಂತಾಗ ಡಬ್ಬ ಹೊತ್ತ ಮೈ ಎಲ್ಲಿಗೋ ಹೋಗಿತ್ತು. ಇದು ನನ್ನ ಮೈ ಅಂತ ಅವನಿಗೆ ಅನಿಸಿದ್ದು ಆವತ್ತೇ. ಆಮೇಲೆ ಅಂಧೇರಿಯ ಪಬ್ಬುಗಳಲ್ಲಿ ಹೆಣ್ಣುವೇಷದ ಡ್ರ್ಯಾಗ್ ಶೋ ಶುರುವಾದವು, ಅಲ್ಲಿಗೂ ಹೋದ. ನೀನು ಗಂಡೋ ಹೆಣ್ಣೋ ಅಂತ ಕೇಳಿದವರಿಗೆ ಉತ್ತರ ಕೊಡುವುದನ್ನು ಎಂದೋ ಬಿಟ್ಟಿದ್ದ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಕೇಳುವ ಮಜಾ ಬೇಕಿರುತ್ತದೆ ಅನ್ನುವುದು ಅವನಿಗೆ ತಿಳಿದಿತ್ತು.

ನಾಟಕಕ್ಕೆ ಆರಿಸಿದಾಗ ಗೋದಾಮಿನ ಕೆಲಸ ಬಿಟ್ಟ. ತಾಲೀಮು ಇಡೀ ದಿನ ಇರುತ್ತಿತ್ತು. ಘಾಟ್ಕೋಪರಿನ ಒಂದು ಹೌಸಿಂಗ್ ಸೊಸೈಟಿಯ ಹಾಲ್ ಹಿಡಿದಿದ್ದರು. ವೇಷ ಹಾಕಿಕೊಂಡು ಮುಂದಿನ ಗೇಟಿನಿಂದ ಬರಬಾರದು, ಮನೆಮಂದಿ ಮಕ್ಕಳು ಇರ್ತಾರೆ, ಅಂತ ಸೊಸೈಟಿಯವರು ಹೇಳಿದರು. ರಾಧಿಕಾ ಆಗಲಿ ಅಂದಳು. ಹೆಣ್ಣುವೇಷದಲ್ಲಿ ಸಾಲಾಗಿ ಕುಣಿಯುವ ಕೋರಸ್ಸಿನವರು ನೀರಿನ ಪಂಪ್ ಇರುವ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದರು. ಗಂಡಸರ ಪಾಯಖಾನೆಗೆ ಹೋದರೆ ಒಳಗಿದ್ದವರು ಸಿಳ್ಳೆ ಹಾಕುತ್ತಿದ್ದರು. ಹೆಂಗಸರದಕ್ಕೆ ಹೋದರೆ ವಾಚ್‌ಮನ್ ಲಾಠಿ ಅಡ್ಡ ಹಿಡಿಯುತ್ತಿದ್ದ. ಅದಕ್ಕೆ ಅವರು ನೀರು ಕುಡಿಯುವುದನ್ನೇ ಬಿಟ್ಟರು. ಸೊಂಟದ ಪಟ್ಟಿಯ ಕೆಳಗೆ ಚರ್ಮ ಬೆವತು ಸುಲಿಯುತ್ತಿತ್ತು. ಹೀಲ್ಸಿನಲ್ಲಿ ಕುಣಿದು ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಉರಿಯುತ್ತಿತ್ತು, ಆದರೂ ಅದೆಲ್ಲ ಕೆಲಸ, ಕೆಲಸದ ನೋವು, ಅಂತ ಗದಿಗೆಪ್ಪ ಸುಮ್ಮನಿದ್ದ. ಮೈ ನೋಯದ ಕೆಲಸವನ್ನು ಅವನ ಮನೆಯಲ್ಲಿ ಯಾರೂ ಮಾಡಿರಲಿಲ್ಲ.

ಏಟು ಮಾತ್ರ ಕೆಲಸ ಆಗಿರಲಿಲ್ಲ. ಅದು ಅವನಿಗೆ ಗೊತ್ತಾಗಲು ಸಮಯ ಹಿಡಿಯಿತು.

ಯಾಕೆಂದರೆ ಮೊದಮೊದಲು ಅವನಿಗೆ ಹೆಮ್ಮೆಯೇ ಇತ್ತು. ಕೋರಸ್ಸಿನಲ್ಲಿ ಅಷ್ಟು ಜನರಿದ್ದರೂ ಹೀರೋ ಎದುರಿಗೆ ನಿಲ್ಲುವವನು ಅವನೊಬ್ಬನೇ. ಸಾಲಿನಲ್ಲಿ ಮುಂದೆ ನಿಂತ ಬೆಳ್ಳಗಿನ ಕಾಲೇಜು ಹುಡುಗರು ಅವನ ಕಡೆ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ತನ್ನನ್ನೇ ಯಾಕೆ ಆರಿಸಿದಿರಿ ಅಂತ ಒಮ್ಮೆ ರಾಧಿಕಾಳನ್ನು ಕೇಳಿದ್ದ. ನೀನು ಗಟ್ಟಿ ಇದ್ದೀಯಲ್ಲ, ಗೋದಾಮಿನಲ್ಲಿ ಭಾರ ಹೊತ್ತವನು, ಬೇರೆ ಹುಡುಗರು ನಾಜೂಕು, ಅಂದಿದ್ದಳು. ಅದನ್ನು ಅವನು ಹೊಗಳಿಕೆ ಅಂದುಕೊಂಡ.

ಅಂಗದ್ ಪ್ರತಿ ಸಲ ಹೊಡೆಯುವ ಮೊದಲು ಕೈಗಡಿಯಾರ ಬಿಚ್ಚಿಡುತ್ತಿದ್ದ. ಗಡಿಯಾರಕ್ಕೆ ಪೆಟ್ಟಾಗಬಾರದು. ಹೊಡೆದ ಮೇಲೆ ಗದಿಗೆಪ್ಪನನ್ನು ತಬ್ಬಿಕೊಂಡು, ಸಾರಿ ಭಾಯಿ, ಅನ್ನುತ್ತಿದ್ದ. ಸರಿ ಬರಲಿಲ್ಲ ಅಂತ ರಾಧಿಕಾ ಹೇಳಿದರೆ ಮತ್ತೆ ಹೊಡೆಯುತ್ತಿದ್ದ. ಕೈ ಸ್ವಲ್ಪ ತಡವಾಯಿತು, ಮತ್ತೆ. ವಿಗ್ ಈ ಕಡೆ ಹಾರಬೇಕಿತ್ತು, ಮತ್ತೆ. ಲೈಟಿನವನು ನೋಡಬೇಕು, ಮತ್ತೆ. ಪ್ರತಿ ಸಲ ಎಲ್ಲರೂ ನಗುತ್ತಿದ್ದರು. ನಿನ್ನೆ ನೋಡಿ ನಕ್ಕವರೇ ಇವತ್ತೂ ನಗುತ್ತಿದ್ದರು. ಇಷ್ಟು ಸಲ ನೋಡಿದ ಮೇಲೂ ಇದರಲ್ಲಿ ನಗುವಂಥದ್ದು ಇವರಿಗೆ ಏನು ಉಳಿದಿದೆ ಅಂತ ಗದಿಗೆಪ್ಪ ನೆಲದ ಮೇಲೆ ಬಿದ್ದುಕೊಂಡೇ ಯೋಚಿಸುತ್ತಿದ್ದ. ಬೀಳುವುದೂ ಪಾತ್ರದಲ್ಲಿ ಇತ್ತು.

ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ ಹಿತೇಶ್. ಘಾಟ್ಕೋಪರಿನ ಸೀರೆ ಅಂಗಡಿಯಲ್ಲಿ ಕೆಲಸ. ಗಿರಾಕಿಗಳಿಗೆ ಸೀರೆಯನ್ನು ತನ್ನ ಮೈಮೇಲೆಯೇ ಉಟ್ಟು ತೋರಿಸುವವನು. ಅಂಗಡಿಗೆ ರಜೆ ಹಾಕಿ ತಾಲೀಮಿಗೆ ಬರುತ್ತಿದ್ದ. ಅವನೊಬ್ಬನೇ ಆ ಸೀನಿನಲ್ಲಿ ನಗುತ್ತಿರಲಿಲ್ಲ. ಒಂದು ದಿನ ಪಂಪ್ ಕೋಣೆಯಲ್ಲಿ ಗದಿಗೆಪ್ಪನ ಕೆನ್ನೆ ನೋಡಿ, ಇದು ಬಣ್ಣದ ಕೆಂಪಲ್ಲ ಅಂತ ಮಾತ್ರ ಹೇಳಿ, ತನ್ನ ಪೌಡರ್ ಡಬ್ಬಿಯನ್ನು ಅವನ ಕೈಗಿಟ್ಟ.

ಕಿವಿಯಲ್ಲಿ ಮೊದಲು ಸೀಟಿ ಊದಿದ ಹಾಗೆ ಶುರುವಾಯಿತು. ಲೋಕಲ್ ಟ್ರೇನಿನಲ್ಲಿ, ಖೋಲಿಯಲ್ಲಿ, ಮಲಗಿದಾಗ, ಎಲ್ಲ ಕಡೆ ಅದೇ ಸೀಟಿ. ಆಮೇಲೆ ಒಂದು ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ. ಸರಕಾರಿ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಲೈಟು ಬಿಟ್ಟು ನೋಡಿದಳು. ಕಿವಿಯ ತಮಟೆ ಹರಿದಿದೆ ಅಂದಳು. ಇನ್ನೊಂದು ಏಟು ಬಿದ್ದರೆ ವಾಸಿಯಾಗುವ ಆಸೆಯನ್ನೇ ಬಿಡು, ಅಂತ ಗದರಿ, ಯಾರು ಹೊಡೆದರು ಅಂತ ಕೇಳಿದಳು. ನಾಟಕದಲ್ಲಿ, ಅಂದ. ಅವಳು ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

ಅವನು ಆ ಚೀಟಿ ತಂದು ರಾಧಿಕಾಳಿಗೆ ತೋರಿಸಿದ. ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದ. ಮೇಡಂ, ಹೊಡೆದ ಹಾಗೆ ಮಾಡಲಿ, ನಾನು ಬಿದ್ದ ಹಾಗೆ ಮಾಡ್ತೀನಿ, ಸಪ್ಪಳ ಬೇರೆ ಯಾರಾದರೂ ಮಾಡಲಿ. ನಾಟಕ ಅಂದರೆ ಅದೇ ಅಲ್ಲವಾ. ರಾಧಿಕಾ ಚೀಟಿಯನ್ನು ಪೂರ್ತಿ ಓದಿದಳು. ಅವಳ ಮುಖದಲ್ಲಿ ಮರುಕ ಇತ್ತು, ಅದು ಸುಳ್ಳಾಗಿರಲಿಲ್ಲ. ಹಳೇ ನಾಟಕದಲ್ಲೂ ಖರೇನೇ ಹೊಡೆಯುತ್ತಿದ್ದರು, ಸುಳ್ಳು ಹೊಡೆತ ಜನರಿಗೆ ಗೊತ್ತಾಗಿಬಿಡುತ್ತೆ, ರಂಗದ ಮೇಲೆ ನಿಜ ಇರಬೇಕು, ಅಂದಳು. ಆಮೇಲೆ ದಾರಿ ಸಿಕ್ಕವಳ ಹಾಗೆ ಕನ್ನಡಕ್ಕೆ ತಿರುಗಿದಳು.

“ಒಂದು ಕೆಲಸ ಮಾಡೋಣ ಗದಿಗೆಪ್ಪಾ. ನೀನು ಆ ಕಡೆ ನಿಂತ್ಕೋ. ಬಲಗಡೆ ತಗೋ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಅವನ ಎರಡೂ ಭುಜ ಹಿಡಿದು, ಮೆಲ್ಲಗೆ, ಗೊಂಬೆ ತಿರುಗಿಸಿದ ಹಾಗೆ ತಿರುಗಿಸಿ ನಿಲ್ಲಿಸಿದಳು. ಈಗ ಅಂಗದ್ ಎಡಗೈ ಬೀಸಬೇಕು, ಅವನಿಗೆ ಸ್ವಲ್ಪ ಅಭ್ಯಾಸ ಮಾಡಿಸಬೇಕು, ಅಂತ ಅಸಿಸ್ಟೆಂಟಿಗೆ ಹೇಳಿದಳು. ಆವತ್ತು ಮಧ್ಯಾಹ್ನವೆಲ್ಲ ಅಂಗದ್ ಎಡಗೈಯಿಂದ ಹೊಡೆಯುವುದನ್ನು ಕಲಿತ. ಕಲಿತದ್ದು ಗದಿಗೆಪ್ಪನ ಬಲಗೆನ್ನೆಯ ಮೇಲೆ.

ಭಾಂಡುಪ್‌ಗೆ ಬಂದಾಗ ಹಾಲವ್ವ ಖೋಲಿಯ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಅವನ ಎಡಗಡೆಯಿಂದ ಏನೋ ಕೇಳಿದಳು. ಅವನು ಒಳಗೆ ಹೋದ. ಮತ್ತೆ ಕೇಳಿದಳು. ಅವನು ತಿರುಗಲಿಲ್ಲ. ಅವಳು ಮೊರ ಕೆಳಗಿಟ್ಟು ಎದ್ದು ಬಂದು ಎದುರಿಗೆ ನಿಂತಳು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

“ಯಾರ್ ಹೊಡದ್ರು?”

“ಯಾರೂ ಇಲ್ಲ ಯವ್ವಾ. ಆಟದಾಗ.”

“ಆಟದಾಗಿನ ಹೊಡತ ಖರೇ ಹ್ಯಾಂಗ ಆಗತೈತಿ?”

ಅವನು ಗದ್ದ ಬಿಡಿಸಿಕೊಂಡ. ಅವಳು ಬಿಡಲಿಲ್ಲ. ಅವನು ಸೀರೆ ಉಡುವುದು ಅವಳಿಗೆ ಗೊತ್ತಿತ್ತು. ಮೊದಲು ಅತ್ತಿದ್ದಳು, ಆಮೇಲೆ ಮಂಡಲದವರ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕೂತು ನೋಡಿದ್ದಳು. ಸೀರೆಯ ನೆರಿಗೆ ಸಡಿಲ ಕಟ್ಟೀದಿ ಅಂತ ಬೈದಿದ್ದಳು. ಈಗ ಅವಳು ಕೇಳಿದ್ದು ಸೀರೆಯ ಮಾತಲ್ಲ. ನೀನು ತಿರುಗಿ ಏನು ಮಾಡಿದಿ ಅಂತ ಕೇಳಿದಳು. ಬಿದ್ದೆ, ಅಂದ. ಜನ ಏನು ಮಾಡಿದರು ಅಂದಳು. ನಕ್ಕರು, ಅಂದ.

“ನಾ ಬುಟ್ಟಿ ಹೊತ್ತೀನಿ,” ಅಂದಳು ಹಾಲವ್ವ. “ಕೆಲಸಾ ಮಾಡಸೂ ಮುಕಾದಮ ಬೈದಾನ. ಒಂದ್ ಸಲ ಕೈ ಎತ್ತಿದ್ದ, ಸಿಮೆಂಟಿನ ಬುಟ್ಟಿ ಅವನ ಕಾಲಮ್ಯಾಲ ಒಗದ್ ಬಂದೆ. ಎರಡ ದಿನ ಉಪಾಸ ಇದ್ವಿ. ನೀ ಆಗ ಮೊಲಿ ಕುಡಿಯೂ ಕೂಸು. ಉಪಾಸ ನಿನಗ ನೆನಪಿಲ್ಲ. ನನಗ ಹೊಡತ ನೆನಪಿಲ್ಲ. ಯಾಕಂದ್ರ ತಿಂದಿಲ್ಲ.”

ಅಷ್ಟು ಹೇಳಿ ಮೊರದ ಮುಂದೆ ಹೋಗಿ ಕೂತಳು.

ಮರುದಿನ ತಾಲೀಮಿನಲ್ಲಿ ಆ ಸೀನು ಬಂತು. ಅಂಗದ್ ಗಡಿಯಾರ ಬಿಚ್ಚಿಟ್ಟ. ಹಾಡು ಮುಗಿಯಿತು. ಎಡಗೈ ಎತ್ತಿ ಬೀಸಿದ. ಗದಿಗೆಪ್ಪ ಆ ಕೈಯ ಮಣಿಕಟ್ಟು ಹಿಡಿದ. ಡಬ್ಬ ಇಳಿಸಿದ ಕೈ. ಅಂಗದ್ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಹಾಲ್‌ನಲ್ಲಿ ಯಾರೋ ನಗಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು.

“ಹೊಡಸ್ಕೊಳ್ಳೂದಿಲ್ಲ,” ಅಂದ ಗದಿಗೆಪ್ಪ. ಅದನ್ನು ಕನ್ನಡದಲ್ಲೇ ಹೇಳಿದ. ರಾಧಿಕಾಳಿಗೆ, ಅಲ್ಲಿದ್ದ ಒಂದಿಬ್ಬರು ಕನ್ನಡದವರಿಗೆ ಮಾತ್ರ ತಿಳಿಯಿತು.

ಅವಳು ಕೂಗಾಡಲಿಲ್ಲ. ಎಲ್ಲರನ್ನೂ ಚಹಾಕ್ಕೆ ಬಿಟ್ಟಳು. ಆಮೇಲೆ, ಗದಿಗೆಪ್ಪನಿಗೆ ಹುಷಾರಿಲ್ಲ, ಅವನು ಹಿಂದಿನ ಸಾಲಿನಲ್ಲಿ ನಿಲ್ಲಲಿ, ಆ ಜಾಗಕ್ಕೆ ಸುಭಾಷ ಬರಲಿ, ಅಂದಳು.

ಸುಭಾಷ ಬೆಳಗಾವಿ ಕಡೆಯವನು. ಹಗಲು ಸಲೂನಿನಲ್ಲಿ ಕೆಲಸ ಮಾಡಿಕೊಂಡಿದ್ದವನು, ಇದಕ್ಕಾಗಿ ಅದನ್ನು ಬಿಟ್ಟಿದ್ದ. ತೆಳ್ಳಗಿನ ಆಳು. ಗದಿಗೆಪ್ಪ ಅವನನ್ನು ಪಂಪ್ ಕೋಣೆಯಲ್ಲಿ ಹಿಡಿದು, ಒಲ್ಲೆ ಅನ್ನು, ಅಂದ. ಸುಭಾಷ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತಿದ್ದ. ಕೈ ನಿಲ್ಲಿಸಲಿಲ್ಲ. ಒಂದು ಏಟು ಅಷ್ಟೇ ಅಲ್ಲವೇನು, ಊರಾಗ ಅಪ್ಪ ಅಣ್ಣ ಎಲ್ಲಾರೂ ಪುಕ್ಕಟೆ ಹೊಡದಾರ, ಇಲ್ಲಿ ಹೀರೋ ಹೊಡೀತಾನ, ಫೋಟೋ ಬರತೈತಿ, ಅಂದ. ಇವನ ಬಾಯಿಂದ ಬಂದ ಮಾತು ತಾನು ಮೊದಮೊದಲು ಅಂದುಕೊಂಡದ್ದೇ ಅನ್ನುವುದು ಗದಿಗೆಪ್ಪನಿಗೆ ಗೊತ್ತಾಯಿತು.

ಹಿಂದಿನ ಸಾಲಿನಲ್ಲಿ ನಿಂತು ನೋಡುವುದು ಏಟು ತಿನ್ನುವುದಕ್ಕಿಂತ ಕಷ್ಟವಾಯಿತು. ಸುಭಾಷನಿಗೆ ಏಟು ಬಿದ್ದಾಗ ಅವನ ಸಣ್ಣ ಕುತ್ತಿಗೆ ಮುರಿದ ಕೊಂಬೆಯ ಹಾಗೆ ಒಂದು ಕಡೆ ವಾಲುತ್ತಿತ್ತು. ಏಳುವಾಗ ಮೊದಲು ಒಂದು ಮೊಣಕಾಲು, ಆಮೇಲೆ ಕೈ, ಆಮೇಲೆ ತಲೆ. ಎದ್ದು ನಗುತ್ತಿದ್ದ. ತಾನೂ ಹೀಗೇ ಎದ್ದು ಹೀಗೇ ನಕ್ಕಿದ್ದೆನಲ್ಲ ಅಂತ ಗದಿಗೆಪ್ಪನಿಗೆ ಹೊಳೆಯಿತು. ತಾನು ಒಲ್ಲೆ ಅಂದದ್ದರಿಂದ ಏಟು ನಿಲ್ಲಲಿಲ್ಲ. ಬೇರೆಯವನ ಕೆನ್ನೆ ಹುಡುಕಿಕೊಂಡು ಹೋಯಿತು.

ಅವನು ಒಬ್ಬೊಬ್ಬರನ್ನೇ ಮಾತಾಡಿಸಿದ. ಕಾಲೇಜು ಹುಡುಗರು ನೋಡೋಣ ಅಂದರು. ಕೆಲವರು ಮುಖ ತಿರುಗಿಸಿದರು. ಹಿತೇಶ್ ಮಾತ್ರ ಬಹಳ ಹೊತ್ತು ಅವನ ಬಲಗಿವಿಯ ಹತ್ತಿರ ಕೂತು ಕೇಳಿದ. ನಾಳೆ ಸೀನು ಬಂದಾಗ ನೀನು ಏನು ಮಾಡ್ತಿ ಅಂತ ಕೇಳಿದ. ಗೊತ್ತಿಲ್ಲ, ಆದರೆ ಬಿಡೂದಿಲ್ಲ, ಅಂದ ಗದಿಗೆಪ್ಪ. ಸರಿ, ನೀನು ಮಾಡು, ನಾನು ನೋಡ್ಕೋತೀನಿ, ಅಂದ ಹಿತೇಶ್.

ಮರುದಿನ ದೊಡ್ಡ ಥಿಯೇಟರಿನಲ್ಲಿ ಮೊದಲ ಸಲ ಪೂರ್ತಿ ನಾಟಕ. ಬಂಡವಾಳ ಹಾಕಿದವರು, ಅವರ ಮನೆಯವರು, ಪತ್ರಿಕೆಯವರು, ಟಿ.ವಿ.ಯವರು ಎಲ್ಲರನ್ನೂ ಕರೆದಿದ್ದರು. ಕುರ್ಚಿಗಳೆಲ್ಲ ತುಂಬಿದ್ದವು. ಮಧ್ಯಾಹ್ನದ ಊಟ ಮುಗಿಸಿ ಬಂದ ಜನ, ಮೊದಲ ಹಾಡಿಗೇ ಚಪ್ಪಾಳೆ ಹೊಡೆದರು. ಕೋರಸ್ಸಿನವರು ಕುಣಿದರು. ಗದಿಗೆಪ್ಪನೂ ಕುಣಿದ. ಆವತ್ತು ಕುಣಿದಷ್ಟು ಚೆನ್ನಾಗಿ ಅವನು ಎಂದೂ ಕುಣಿದಿರಲಿಲ್ಲ. ಹಾಡುಗಳು ಮೊದಲೇ ರೆಕಾರ್ಡ್ ಆಗಿದ್ದವು, ಅದರಲ್ಲಿ ಅವರದೇ ದನಿ ಇತ್ತು.

ಆ ಸೀನು ಬಂತು. ಅಂಗದ್ ಹೂ ಕೊಟ್ಟ, ಹಾಡಿದ, ಸುಭಾಷನ ಸೊಂಟ ಬಳಸಿದ. ಸುಭಾಷ ಗಂಡುದನಿಯಲ್ಲಿ ಕೆಮ್ಮಿದ. ಜನ ಆಗಲೇ ನಗಲು ಬಾಯಿ ತೆರೆದು ಕಾಯುತ್ತಿದ್ದರು. ಅಂಗದ್ ಕೈ ಎತ್ತಿದ. ಗದಿಗೆಪ್ಪ ಹಿಂದಿನ ಸಾಲಿನಿಂದ ಹೀಲ್ಸ್ ಟಕಟಕ ಅನ್ನಿಸುತ್ತ ಬಂದು ಇಬ್ಬರ ನಡುವೆ ನಿಂತ.

“ಯಾಕೆ ಹೊಡೀತೀ?” ಅಂತ ಹಿಂದಿಯಲ್ಲಿ ಕೇಳಿದ.

ಜನ ನಕ್ಕರು. ನಾಟಕದಲ್ಲಿ ಹೊಸದಾಗಿ ಸೇರಿಸಿದ್ದು ಅಂದುಕೊಂಡರು. ಅಂಗದ್‌ನ ಕೈ ಮೇಲೆಯೇ ನಿಂತಿತ್ತು.

“ಹೂ ಕೊಟ್ಟವನು ನೀನು. ಹಿಂದೆ ಬಂದವನು ನೀನು. ಇವನು ನಿನಗೆ ಏನು ಮಾಡಿದ? ಯಾಕೆ ಹೊಡೀತೀ?”

ಇನ್ನೂ ನಕ್ಕರು. ಗದಿಗೆಪ್ಪ ಜನರ ಕಡೆ ತಿರುಗಿದ. ಲೈಟು ಕಣ್ಣಿಗೆ ಹೊಡೆಯುತ್ತಿತ್ತು, ಯಾರ ಮುಖವೂ ಕಾಣುತ್ತಿರಲಿಲ್ಲ. ನೀವು ಯಾಕೆ ನಗ್ತೀರಿ ಅಂತ ಕೇಳಿದ. ದನಿ ಏರಿಸಲಿಲ್ಲ. ಒಂದು ಕಿವಿ ಹೋಗಿದೆ, ನನ್ನದು, ಅದನ್ನು ಒಡೆಯುವಾಗಲೂ ಎಲ್ಲರೂ ಹೀಗೇ ನಕ್ಕರು, ಈಗ ಇವನ ಸರದಿ, ನಗಿ, ಅಂದ. ಮುಂದಿನ ಸಾಲಿನಲ್ಲಿ ನಗು ನಿಂತಿತು. ಹಿಂದಿನ ಸಾಲಿನವರಿಗೆ ಗೊತ್ತಾಗದೆ ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದರು. ಆಮೇಲೆ ಅಲ್ಲೂ ನಿಂತಿತು.

ಹಿತೇಶ್ ಸಾಲಿನಿಂದ ಹೊರಗೆ ಬಂದ. ಹೀಲ್ಸ್ ಬಿಚ್ಚಿ ಪಕ್ಕಕ್ಕಿಟ್ಟ. ಸೀರೆಯ ನೆರಿಗೆ ಸರಿಮಾಡಿಕೊಂಡು ರಂಗದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಅವನ ಹಿಂದೆ ಇನ್ನಿಬ್ಬರು ಕೂತರು. ಒಬ್ಬ ಕಾಲೇಜು ಹುಡುಗ ಆ ಕಡೆ ಈ ಕಡೆ ನೋಡಿ ಅವನೂ ಕೂತ. ಉಳಿದವರು ನಿಂತೇ ಇದ್ದರು. ಸುಭಾಷ ನಿಂತಿದ್ದ. ಅವನ ಕಣ್ಣಿನಲ್ಲಿ ಗದಿಗೆಪ್ಪನ ಮೇಲೆ ಕೆಂಡದಂಥ ಸಿಟ್ಟಿತ್ತು. ರೆಕಾರ್ಡು ತನ್ನ ಪಾಡಿಗೆ ಮುಂದಿನ ಹಾಡಿಗೆ ಹೋಯಿತು. ಅವರ ದನಿ ಮೇಲಿನಿಂದ ಹಾಡುತ್ತಿತ್ತು. ಅವರು ಬಾಯಿ ಮುಚ್ಚಿ ಕೂತಿದ್ದರು.

ಪರದೆ ಬಿತ್ತು. ಮುಂದಿನದು ಬೇಗ ಬೇಗ ನಡೆಯಿತು. ಸೆಕ್ಯೂರಿಟಿಯವರು ಬಂದು ಕೂತವರನ್ನು ತೋಳು ಹಿಡಿದು ಎಬ್ಬಿಸಿದರು. ಸಾಮಾನು ಇಳಿಸುವ ಹಿಂದಿನ ಗೇಟಿಗೆ ತಂದರು. ರಾಧಿಕಾ ಅಲ್ಲಿಗೆ ಬಂದಳು. ಅವಳು ಅಳುತ್ತಿದ್ದಳು. ನಿಮಗೋಸ್ಕರ ಈ ನಾಟಕ ಎತ್ತಿದೆ, ನಿಮ್ಮವರನ್ನೇ ಹುಡುಕಿ ತಂದೆ, ನೀವೇ ಹೀಗೆ ಮಾಡಿದಿರಿ, ಅಂದಳು. ಗದಿಗೆಪ್ಪನಿಗೆ ಆ ಮಾತಿನಲ್ಲಿ ಅರ್ಧ ಕೇಳಿಸಿತು. ಅಷ್ಟು ಸಾಕಾಯಿತು. ಕಂಪನಿಯ ಮ್ಯಾನೇಜರ್, ಬಟ್ಟೆ ಕಂಪನಿಯದು, ಇಲ್ಲೇ ಬಿಚ್ಚಿಕೊಟ್ಟು ಹೋಗಬೇಕು, ಅಂದ. ಇಲ್ಲೇ ಅಂದರೆ ಗೇಟಿನಲ್ಲಿ, ಟೆಂಪೋದವರು, ಡ್ರೈವರುಗಳು ನಿಂತಲ್ಲಿ. ಅವರ ಸ್ವಂತ ಬಟ್ಟೆ ಒಳಗಿತ್ತು.

ಬಟ್ಟೆ ನೋಡಿಕೊಳ್ಳುವ ಸುಂದ್ರವ್ವ ಅವರ ಅಂಗಿ ಪ್ಯಾಂಟು ಹೊತ್ತುಕೊಂಡು ಓಡಿ ಬಂದಳು. ಗದಿಗೆಪ್ಪನ ಮನೆಯವರ ಹಾಗೆ ಅವಳೂ ವಿಜಾಪುರದ ಕಡೆಯವಳೇ. ತಾಲೀಮಿನಲ್ಲಿ ಅವಳು ಒಂದು ಮಾತು ಆಡಿದ್ದನ್ನೂ ಯಾರೂ ಕೇಳಿರಲಿಲ್ಲ. ಈಗ ಒಂದು ಉದ್ದ ಸೀರೆಯನ್ನು ಬಿಡಿಸಿ ಒಂದು ತುದಿ ಗೇಟಿನ ಸರಳಿಗೆ ಕಟ್ಟಿ, ಇನ್ನೊಂದು ತುದಿ ತಾನೇ ಎತ್ತಿ ಹಿಡಿದು ಮರೆ ಮಾಡಿದಳು. ಡ್ರೈವರೊಬ್ಬ ಬಗ್ಗಿ ನೋಡಲು ಬಂದ. ಸುಂದ್ರವ್ವ ಅವನಿಗೆ ಅಚ್ಚ ಕನ್ನಡದಲ್ಲಿ ತಾಯಿ ಹೆಸರು ಹಿಡಿದು ಬೈದಳು. ಅವನಿಗೆ ಭಾಷೆ ತಿಳಿಯದಿದ್ದರೂ ಅರ್ಥವಾಯಿತು.

ನಾಟಕ ನಿಲ್ಲಲಿಲ್ಲ. ಹೋದವರ ಜಾಗಕ್ಕೆ ಹೊಸ ಹುಡುಗರು ಬಂದರು. ಹೇಳಿದ ದಿನವೇ ಶುರುವಾಯಿತು, ಥಿಯೇಟರು ತುಂಬಿತು. ಗದಿಗೆಪ್ಪ ಗೋದಾಮಿಗೆ ಹೋಗಿ ಕೇಳಿದ. ಮೊದಲಿನ ಸುಪರ್‌ವೈಸರ್ ಬೈದುಕೊಂಡೇ ಕೆಲಸ ಕೊಟ್ಟ. ಟೆಂಪೋದವನು ಹಿಂದೆ ತೆಗೆಯುವಾಗ ಹಾರ್ನ್ ಹೊಡೆದರೆ ಎಡಗಡೆಯಿಂದ ಕೇಳುವುದಿಲ್ಲ. ಎರಡು ಸಲ ಚಕ್ರದ ಕೆಳಗೆ ಹೋಗುವುದರಲ್ಲಿದ್ದ.

ಕೆಲವು ದಿನ ಕಳೆದ ಮೇಲೆ ಒಂದು ರವಿವಾರ ಸುಭಾಷ ಗುಡ್ಡ ಹತ್ತಿಕೊಂಡು ಅವರ ಖೋಲಿಗೆ ಬಂದ. ಅವನು ನಾಟಕದಲ್ಲೇ ಉಳಿದಿದ್ದ, ಅದೇ ಪಾತ್ರದಲ್ಲಿ. ಹಾಲವ್ವ ಚಹಾ ಕೊಟ್ಟಳು. ಅವನು ಚಹಾ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಹೇಳಿದ. ಆವತ್ತು ಬಂದವರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರಂತೆ, ಮಾತು ಹರಡಿತಂತೆ. ಕಂಪನಿಯ ವಕೀಲ, ಹೀರೋ ಯಾರ ಮೈಯನ್ನೂ ಮುಟ್ಟಕೂಡದು, ನಾಳೆ ಕೇಸಾದರೆ ಕಷ್ಟ, ಅಂದನಂತೆ. ಈಗ ಅಂಗದ್‌ನ ಕೈ ಕೆನ್ನೆಯ ಹತ್ತಿರ ಬಂದು ನಿಲ್ಲುತ್ತದೆ.

“ಮತ್ತ ಸಪ್ಪಳ?” ಅಂದ ಗದಿಗೆಪ್ಪ.

“ಮಷಿನ್‌ನಿಂದ ಬರತೈತಿ. ಸೌಂಡಿನವ ಬಟನ್ ಒತ್ತತಾನ. ಖರೇ ಹೊಡತಕಿಂತ ಜೋರ ಕೇಳಸ್ತೈತಿ.”

“ಮಂದಿ ನಗತಾರೇನ?”

“ಅಷ್ಟ ನಗತಾರ.”

ಗದಿಗೆಪ್ಪ ಎದ್ದು ನಿಂತ. ಖೋಲಿ ಸಣ್ಣದು, ಎದ್ದು ನಿಂತರೆ ಹೋಗಲು ಜಾಗವಿರಲಿಲ್ಲ. ಒಂದು ಬಟನ್. ಒಬ್ಬ ಮನುಷ್ಯ ಒಂದು ಬೆರಳು ಒತ್ತಿದ್ದರೆ ಮುಗಿಯುತ್ತಿತ್ತು. ಮಷಿನ್ ಆವತ್ತೂ ಅಲ್ಲೇ ಇತ್ತು. ಸೌಂಡಿನವನೂ ಅಲ್ಲೇ ಇದ್ದ. ಇವರು ತನ್ನ ಕಿವಿ ಒಡೆದದ್ದು ಬೇರೆ ದಾರಿ ಇಲ್ಲದ್ದಕ್ಕಲ್ಲ. ತನ್ನ ಕೆನ್ನೆ ಆ ಬಟನ್‌ಗಿಂತ ಹತ್ತಿರದಲ್ಲಿತ್ತು, ಅದಕ್ಕೆ.

ಅವನು ಪೊಲೀಸ್ ಠಾಣೆಗೆ ಹೋಗುತ್ತೇನೆ ಅಂದ. ಸಾಕ್ಷಿ ಹೇಳಲು ಬಾ ಅಂತ ಸುಭಾಷನನ್ನು ಕರೆದ. ಸುಭಾಷ ಬರತೀನಿ ಅಂದ. ಬರಲಿಲ್ಲ. ಗದಿಗೆಪ್ಪನಿಗೆ ಅವನ ಮೇಲೆ ಸಿಟ್ಟು ಬಂತು. ಆದರೆ ಆ ಸಿಟ್ಟು ಅಲ್ಲಿ ಖರ್ಚು ಮಾಡುವಂಥದ್ದಲ್ಲ ಅಂತ ಒಳಗೇ ಇಟ್ಟುಕೊಂಡ. ಹಿತೇಶ್ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದ. ಹಾಲವ್ವ ಬ್ಯಾಡಂದರೂ ಬಂದಳು.

ಆ ದೂರು ಮುಂದೆ ಎಲ್ಲಿಗೆ ಹೋಯಿತು ಅನ್ನುವುದು ಬೇರೆ ಮಾತು. ಬರೆದುಕೊಂಡರು, ಅದಂತೂ ನಿಜ. ಅಂಗದ್‌ನನ್ನು ಒಮ್ಮೆ ಕರೆಸಿದರು, ಅವನ ಜೊತೆ ಇಬ್ಬರು ವಕೀಲರು ಬಂದರು. ಕೇಸು ಇನ್ನೂ ನಡೆಯುತ್ತಿದೆ. ನಾಟಕವೂ ನಡೆಯುತ್ತಿದೆ. ಆದರೆ ಮೊದಲನೆಯ ದಿನ ಠಾಣೆಯಲ್ಲಿ ನಡೆದದ್ದು ಇದು.

ಮೇಜಿನ ಹಿಂದೆ ಕೂತ ಸಾಹೇಬ ಡಾಕ್ಟರಮ್ಮನ ಚೀಟಿ ನೋಡಿದ. ನಾಟಕದಲ್ಲಿ ಹೊಡೆದರೆ ಅದೆಂಥ ಕೇಸು ಅಂದ. ಸೀರೆ ಉಟ್ಟಿದ್ದೆಯಾ ಅಂತ ಕೇಳಿದ. ಹೌದು ಅಂದ ಗದಿಗೆಪ್ಪ. ಸಾಹೇಬ ಪಕ್ಕದ ಪೇದೆಯ ಕಡೆ ನೋಡಿ ಮುಗುಳ್ನಕ್ಕ. ಬೆಂಚಿನ ಮೇಲೆ ಕೂತ ಮುದುಕಿಗೆ ಕೇಳಬಾರದು ಅಂತಲೋ ಏನೋ, ಮೇಜಿನ ಮೇಲೆ ಬಾಗಿ, ಗದಿಗೆಪ್ಪನ ಎಡಗಡೆಗೆ ಬಾಯಿ ತಂದು, ಸೀರೆಯ ಒಳಗೆ ಏನಿದೆ, ಮೊದಲು ಅದನ್ನು ಹೇಳು, ಅಂತ ಮರಾಠಿಯಲ್ಲಿ ಪಿಸುಗುಟ್ಟಿದ. ಪೇದೆ ಕಿಸಕ್ಕನೆ ನಕ್ಕ.

ಗದಿಗೆಪ್ಪನಿಗೆ ಕೇಳಿಸಿದ್ದು ಒಂದೆರಡು ಶಬ್ದ. ಉಳಿದದ್ದು ಆ ನಗುವಿನಿಂದ ಗೊತ್ತಾಯಿತು. ಆ ನಗು ಅವನಿಗೆ ಹೊಸದಲ್ಲ.

ಅವನು ಎದ್ದು ನಿಂತ. ಇಡೀ ಠಾಣೆಗೆ ಕೇಳುವ ಹಾಗೆ ಮರಾಠಿಯಲ್ಲೇ ಮಾತಾಡಿದ.

“ಸಾಹೇಬ್ರೇ, ಈ ಕಿವಿ ಕೇಳೋದಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದೀನಿ. ಈಗ ನೀವು ಕೇಳಿದ್ದನ್ನ ಗಟ್ಟಿಯಾಗಿ ಕೇಳಿ. ನಮ್ಮ ಅವ್ವನೂ ಇಲ್ಲೇ ಇದ್ದಾಳೆ.”

ಬರೆಯುತ್ತಿದ್ದವರು ತಲೆ ಎತ್ತಿದರು. ದೂರು ಕೊಡಲು ಬಂದ ಹೆಂಗಸರು ಈ ಕಡೆ ನೋಡಿದರು. ಹಾಲವ್ವ ಬೆಂಚಿನ ಮೇಲಿಂದ ಮೈಯೆಲ್ಲ ತಿರುಗಿಸಿ ಸಾಹೇಬನ ಮುಖಕ್ಕೆ ಮುಖ ಕೊಟ್ಟಳು. ಸಾಹೇಬ ಕಾಗದ ಎಳೆದುಕೊಂಡ. ಪೆನ್ನು ತೆಗೆದ. ಕೂತುಕೋ, ನಿನ್ನ ಹೆಸರು ಹೇಳು, ಅಂದ. ಗದಿಗೆಪ್ಪ ಕೂರಲಿಲ್ಲ, ಹೆಸರೂ ಹೇಳಲಿಲ್ಲ. ಮೊದಲು ಕೇಳಿದ್ದನ್ನು ಕೇಳಿ, ಅಂದ.

ಫ್ಯಾನು ತಿರುಗುತ್ತಿತ್ತು. ಪೇದೆ ಗೋಡೆ ನೋಡುತ್ತಿದ್ದ. ಕಡೆಗೆ ಸಾಹೇಬ ತಲೆ ತಗ್ಗಿಸಿ, ಕಾಗದಕ್ಕೆ ಹೇಳಿದ ಹಾಗೆ, ತಪ್ಪಾಯಿತು, ಅಂತ ಮೆಲ್ಲಗೆ ಅಂದ.

“ಅದೂ ಕೇಳಿಸಲಿಲ್ಲ,” ಅಂದ ಗದಿಗೆಪ್ಪ.